ಸೊಂಡಿಲೆತ್ತುವ ಮರದಾನೆ

ಲೊಕ್ಕನಹಳ್ಳಿ
೯-೯-೧೯೬೮

ಸೊಸೆ ಚೆಲುವಮ್ಮನಿಗೆ ನಿನ್ನ ಅತ್ತೆಯ ಆಶೀರ್ವಾದ.

ನಮ್ಮ ದೇವರು ಮಾದಪ್ಪ ಇಟ್ಟ ಹಾಗೆ ಇದ್ದೇವೆ. ನಿನ್ನ ಮಗಳ ನೆಗಡಿ ಹೋಯಿತು. ನಿನ್ನ ಭಾವ ಮಾದಣ್ಣನಿಗೆ ಹಲ್ಲುನೋವು, ಊಟ ಮಾತ್ರ ಕಡಿಮೆಯಾಗಿಲ್ಲ. ಎಮ್ಮೆ ಈದಿದೆ. ಕ್ಷೇಮಸಮಾಚಾರ ಮುಗಿಯಿತು. ಇನ್ನು ಬೈಯುವುದಕ್ಕೆ ಶುರು ಮಾಡುತ್ತೇನೆ, ಕೂತುಕೊಂಡು ಓದು.

ಶುಕ್ರವಾರ ಸಂಜೆ ಬಸ್ಸಿನ ಕಂಡಕ್ಟರು ಕೊಟ್ಟುಹೋದ ಗಂಟು ಬಿಚ್ಚಿದೆವು. ಲಂಗದ ಬಟ್ಟೆ ಚೆನ್ನಾಗಿದೆ. ಬತ್ತಾಸು ಪುಡಿಯಾಗಿತ್ತು, ಆದರೂ ತಿಂದೆವು. ಅದರ ಅಡಿಯಲ್ಲಿ ಹಳೇ ಸೀರೆ ತುಂಡಿನಲ್ಲಿ ಸುತ್ತಿದ್ದೆಯಲ್ಲ, ನಾಲ್ಕು ಚಕ್ರದ ಮೇಲೆ ನಿಂತ ಆ ಮರದ ಗೊಂಬೆ, ಅದು ಯಾರ ಬುದ್ಧಿ? ಕೊಳ್ಳೇಗಾಲದ ಅಂಗಡಿಗಳಲ್ಲಿ ಬಸವ ಇರಲಿಲ್ಲವೇ, ಗಿಣಿ ಇರಲಿಲ್ಲವೇ? ಇನ್ನೂ ಎರಡು ವರ್ಷ ತುಂಬಿಲ್ಲ, ನನ್ನ ಮಗನನ್ನು ರಾಗಿ ಹೊಲದ ಕಾವಲು ಅಟ್ಟಣೆಯಿಂದ ಕೆಡವಿ ತುಳಿದದ್ದು ಅದೇ ಅಲ್ಲವೇ? ಆವತ್ತಿನಿಂದ ಈ ಮನೆಯಲ್ಲಿ ಯಾರೂ ಅದರ ಹೆಸರು ಎತ್ತುವುದಿಲ್ಲ. ಈ ಕಾಗದದಲ್ಲೂ ನಾನು ಬರೆಯುವುದಿಲ್ಲ. ನೀನು ಅದಕ್ಕೆ ಬಣ್ಣ ಬಳಿಸಿ, ದಾರ ಕಟ್ಟಿಸಿ, ಏಳು ವರ್ಷದ ಮಗುವಿನ ಕೈಗೆ ಕಳಿಸಿದ್ದೀಯೆ.

ಪುಟ್ಟಗೌರಿ ಅದನ್ನು ಕಂಡವಳೇ ಜಗಲಿಯ ಮೇಲೆ ಎಳೆದುಕೊಂಡು ಓಡಿದಳು. "ಅಜ್ಜೀ, ನೋಡಜ್ಜಿ! ಎಳುದ್ರೆ ಸೊಂಡ್ಲು ಎತ್ತದ! ನಿಂತ್ಕಂಡ್ರೆ ಎತ್ತದಿಲ್ಲ!" ಎಂದು ಕೂಗಿದಳು. ಪಕ್ಕದ ಮನೆ ಮಹಾದೇವಮ್ಮನಿಗೆ ಕೇಳಿಸದೆ ಇರುತ್ತದೆಯೇ? ಬಂದು ನಿಂತು ಕೆನ್ನೆಗೆ ಕೈ ಕೊಟ್ಟುಕೊಂಡು, "ಅಲ್ಲ ಕೆಂಪಾಜಿ, ಅಪ್ಪನ್ನ ತಕಂಡೋದದ್ನೇ ಮಗೀಗೆ ಆಟಕ್ಕೆ ಕೊಟ್ಟಿದ್ದೀರಲ್ಲ!" ಅಂದಳು. ನಾನು ಮಗುವನ್ನು ಒಳಗೆ ಎಳೆದುಕೊಂಡು ಬಾಗಿಲು ಹಾಕಿದೆ.

ಇದಕ್ಕೆ ಏನು ಹೇಳುತ್ತೀಯೋ ಬರಿ.

ಸಿಟ್ಟಿನಲ್ಲಿರುವ ನಿನ್ನ ಅತ್ತೆ,
ಕೆಂಪಾಜಮ್ಮ


ಕೊಳ್ಳೇಗಾಲ
೨೨-೯-೧೯೬೮

ಅತ್ತೆಯವರ ಪಾದಗಳಿಗೆ ಚೆಲುವಮ್ಮನ ನಮಸ್ಕಾರ.

ನಿಮ್ಮ ಕಾಗದವನ್ನು ಕೂತುಕೊಂಡೇ ಓದಿದೆ. ಎರಡು ಸಲ ಓದಿದೆ. ಉತ್ತರ ತಡವಾಯಿತು. ರೇಷ್ಮೆ ಗೂಡು ಬೇಯಿಸುವ ಬಿಸಿನೀರಿನಲ್ಲಿ ಬೆರಳುಗಳು ಬೆಂದು, ಸಂಜೆ ಹೊತ್ತಿಗೆ ಲೇಖನಿ ಹಿಡಿಯುವುದಕ್ಕಾಗುವುದಿಲ್ಲ.

ಆ ಗೊಂಬೆ ಅಂಗಡಿಯದಲ್ಲ. ನಮ್ಮ ರೇಷ್ಮೆ ಕಾರ್ಖಾನೆಯಲ್ಲಿ ರಾಟೆ ರಿಪೇರಿ ಮಾಡುವ ಬಡಗಿ ಮಾರಯ್ಯನವರು ಮಾಡಿದ್ದು. ಅವರ ಕಿಟಕಿಯಲ್ಲಿ ಬಸವ ಇತ್ತು, ಗಿಣಿಯೂ ಇತ್ತು. ಎಲ್ಲ ಸುಮ್ಮನೆ ನಿಂತಿದ್ದವು. ಇದೊಂದನ್ನು ಅವರು ತಳ್ಳಿದರು, ಚಕ್ರ ಉರುಳಿದ ಹಾಗೆಲ್ಲ ಸೊಂಡಿಲು ಎದ್ದು ಇಳಿಯಿತು. ನಮ್ಮ ರಾಟೆಯಲ್ಲೂ ಹಾಗೆಯೇ ಅತ್ತೆಮ್ಮ. ಚಕ್ರ ದುಂಡಗೆ ಸುತ್ತುತ್ತದೆ, ನೂಲು ಹಾಸುವ ಕಡ್ಡಿ ಮಾತ್ರ ಆ ಕಡೆಗೂ ಈ ಕಡೆಗೂ ಹೋಗಿ ಬರುತ್ತದೆ. ಬೆಳಗಿಂದ ಸಂಜೆಯವರೆಗೆ ಅದನ್ನೇ ನೋಡುತ್ತಿರುತ್ತೇನೆ. ಪುಟ್ಟಗೌರಿಗೆ ತೋರಿಸಬೇಕು ಅನ್ನಿಸಿತು. ನನ್ನ ಕಣ್ಣಿಗೆ ಬಿದ್ದದ್ದು ಅಷ್ಟೇ. ಕೋಣೆಗೆ ತಂದು ಚಾಪೆಯ ಮೇಲೆ ಇಟ್ಟಾಗಲೇ ಅದು ಆನೆ ಅಂತ ಹೊಳೆದದ್ದು. ಆಗ ಮತ್ತೆ ಸೀರೆ ತುಂಡಿನಲ್ಲಿ ಸುತ್ತಿಟ್ಟೆ. ಆದರೂ ಕಳಿಸಿದೆ. ಯಾಕೆ ಅಂದರೆ ಹೇಳಲು ಬರುವುದಿಲ್ಲ.

ಜ್ವರದಲ್ಲಿದ್ದ ನಿಮ್ಮ ಮಗನನ್ನು ಆವತ್ತು ಹೊಲದ ಕಾವಲಿಗೆ ಕಳಿಸಿದ್ದು ಹೆಂಡತಿ ಅಂತ ಊರೆಲ್ಲ ಮಾತಾಡಿತು. ನಿಮ್ಮ ಎದುರಿಗೇ ಮಾತಾಡಿತು. ನೀವು ಗೋಡೆ ಕಡೆ ತಿರುಗಿ ಕೂತಿದ್ದಿರಿ. ಅದನ್ನು ಕೇಳುವುದಕ್ಕೆಂದು ಈ ಕಾಗದ ಬರೆಯಲಿಲ್ಲ, ಆದರೂ ಬರೆದುಬಿಟ್ಟೆ. ಬರೆದದ್ದನ್ನು ಹೊಡೆದುಹಾಕುವುದಿಲ್ಲ.

ಬೇಸಿಗೆ ಪರೀಕ್ಷೆ ಮುಗಿದ ಮೇಲೆ ಮಗುವನ್ನು ಇಲ್ಲಿನ ಸ್ಕೂಲಿಗೆ ಸೇರಿಸುವ ಆಸೆಯಿದೆ. ನಿಮ್ಮ ಅಭಿಪ್ರಾಯ ತಿಳಿಸಬೇಕು.

ತಮ್ಮ ಸೊಸೆ,
ಚೆಲುವಮ್ಮ


ಲೊಕ್ಕನಹಳ್ಳಿ
೧೫-೧೦-೧೯೬೮

ಚೆಲುವಮ್ಮನಿಗೆ ಆಶೀರ್ವಾದ.

ನಿನ್ನ ಕಾಗದ ತಲುಪಿತು. ಬೇಸಿಗೆ ಮಾತು ಬೇಸಿಗೆಗೆ. ಮಿಕ್ಕ ಮಾತು ಓದಿದೆ.

ಈಗ ನನ್ನ ಕಷ್ಟ ಕೇಳು. ಮೊದಲ ವಾರ ಆಟ ಅಂದುಕೊಂಡು ಸುಮ್ಮನಿದ್ದೆ. ಆಮೇಲೆ ನೋಡುತ್ತೇನೆ, ಮಗು ಹರಳೆಣ್ಣೆ ಗಿಂಡಿ ತಂದು ಅದಕ್ಕೆ ಎಣ್ಣೆ ಹಚ್ಚುತ್ತಿದ್ದಾಳೆ. ನಾವು ಊರ ದೇವರ ಕಲ್ಲಿಗೆ ಹಚ್ಚುತ್ತೇವಲ್ಲ, ಹಾಗೆ ಮೆತ್ತಗೆ, ಒಂದೊಂದೇ ತೊಟ್ಟು. "ಏನಮ್ಮಿ ಮಾಡ್ತಿದ್ದೀಯೆ?" ಅಂದೆ. "ಕಿರುಗುಟ್ತದ ಅಜ್ಜಿ" ಅಂದಳು. ಮರದ ಗೊಂಬೆ ಎಲ್ಲಾದರೂ ಕೂಗುತ್ತದೆಯೇ? ಅವಳಿಗೆ ಅದು ಕೂಗಿದ ಹಾಗೆ ಕೇಳಿಸುತ್ತಿದೆ.

ಇದು ಅರ್ಧ. ಸ್ಕೂಲು ಬಿಟ್ಟವಳು ಮನೆಗೆ ಬರುವುದಿಲ್ಲ. ಕಾಡಿನ ದಾರಿ ನಮ್ಮ ಹೊಲದ ಮಗ್ಗುಲಿಗೆ ಇಳಿಯುತ್ತದಲ್ಲ, ಅಲ್ಲಿ ಬದುವಿನ ಮೇಲೆ ಕೂತು ದಾರಿ ಕಾಯುತ್ತಾಳೆ. ಗೊಂಬೆ ತೊಡೆಯ ಮೇಲೆ. ಮಾದಣ್ಣ ಎರಡು ದಿನ ಹೊತ್ತುಕೊಂಡು ಬಂದ. ನಾನು ಮೂರು ದಿನ ಕಿವಿ ಹಿಂಡಿ ಎಳೆದುಕೊಂಡು ಬಂದೆ. ಯಾರನ್ನು ಕಾಯುತ್ತೀಯೆ ಅಂದರೆ ದಾರಿಯ ಕಡೆಗೇ ನೋಡುತ್ತಾಳೆ. ಈಗ ರಾಗಿ ತೆನೆ ಹೊರಡುವ ಕಾಲ. ತೆನೆ ಹಾಲುಗಟ್ಟಿದರೆ ಅವು ಇಳಿಯುತ್ತವೆ, ನಿನಗೆ ಹೇಳಿಕೊಡಬೇಕಿಲ್ಲ.

ನಿನ್ನೆ ಪಕ್ಕದಲ್ಲಿ ಕೂರಿಸಿಕೊಂಡು, ಬೆಲ್ಲ ಕೊಟ್ಟು, ಮೆತ್ತಗೆ ಕೇಳಿದೆ. ನನಗೂ ಮೆತ್ತಗೆ ಮಾತಾಡಲು ಬರುತ್ತದೆ. "ಅದಂದ್ರೆ ನಿಂಗೆ ಇಷ್ಟವೇನಮ್ಮಿ?"

"ಊಂ, ಇಷ್ಟ."

"ಎಷ್ಟು?"

ಎರಡು ಕೈಯನ್ನೂ ಎಷ್ಟು ಅಗಲವಾಗುತ್ತದೋ ಅಷ್ಟು ಚಾಚಿದಳು.

ಚೆಲುವಮ್ಮ, ಅದು ಎದುರಿಗೆ ಬಂದು ನಿಂತರೆ ಈ ಮಗು ಓಡುವುದಿಲ್ಲ. ಹತ್ತಿರ ಹೋಗುತ್ತದೆ.

ಇಂತಿ,
ಕೆಂಪಾಜಮ್ಮ


ಲೊಕ್ಕನಹಳ್ಳಿ
೪-೧೧-೧೯೬೮

ಚೆಲುವಮ್ಮನಿಗೆ,

ಆ ಪೀಡೆ ಕಳೆಯಿತು. ಒಲೆಗೆ ಹಾಕಲು ಹೋದೆ, ಕೈ ಬರಲಿಲ್ಲ. ಏನೇ ಆದರೂ ಕೆಲಸ ಬಲ್ಲವನು ಮಾಡಿದ ಮರ. ಹಿತ್ತಿಲಲ್ಲಿ ನಮ್ಮ ಹಳೇ ಹಗೇವು ಖಾಲಿ ಬಿದ್ದಿದೆಯಲ್ಲ, ರಾಗಿ ತುಂಬುತ್ತಿದ್ದ ಗುಂಡಿ, ಅದಕ್ಕೆ ಹಾಕಿದೆ. ಎರಡು ಆಳು ಆಳ. ಒಳಗೆ ಕೆಟ್ಟ ಗಾಳಿ, ದೀಪ ಇಳಿಬಿಟ್ಟು ನೋಡದೆ ಗಂಡಸರೂ ಇಳಿಯುವುದಿಲ್ಲ. ಮಾದಣ್ಣ ಹನೂರು ಸಂತೆಗೆ ಹೋಗಿದ್ದ. ನಾನೊಬ್ಬಳೇ ಹಾರೆ ಕೊಟ್ಟು ಬಾಯಿಯ ಚಪ್ಪಡಿಯನ್ನು ಎರಡು ಗೇಣು ಸರಿಸಿ ಒಳಗೆ ಬಿಟ್ಟೆ. ಟಣ್ ಅಂತ ಸದ್ದಾಯಿತು. ಕಲ್ಲು ವಾಪಸು ಜರುಗಲಿಲ್ಲ, ಸೊಂಟ ಹಿಡಿದುಕೊಂಡಿತು. ಸದ್ಯಕ್ಕೆ ಮೇಲೆ ಕೊಟ್ಟಿಗೆಯ ಮಂಕರಿ ಬುಟ್ಟಿ ಕವುಚಿದ್ದೇನೆ. ಮಾದಣ್ಣನಿಗೆ ಹೇಳಿ ಮುಚ್ಚಿಸಬೇಕು.

ಒಂದು ತಪ್ಪು ಮಾಡಿದೆ. ಮಗು ಬಂದು ಎಲ್ಲಿ ಅಂತ ಕೇಳಿದಾಗ, "ಅದು ಕಾಡಿಗೋಯ್ತು" ಎಂದುಬಿಟ್ಟೆ. ಅಂದಮೇಲೆ ನಾಲಿಗೆ ಕಚ್ಚಿಕೊಂಡೆ. ಇನ್ನು ಹುಡುಕಿಕೊಂಡು ಕಾಡಿಗೇ ಹೊರಟರೆ? ಅವಳು ಅಳಲಿಲ್ಲ. ನನ್ನ ಮುಖವನ್ನೇ ನೋಡಿ, "ಎಳಿಯೋರಿಲ್ದೆ ಎಂಗೋಯ್ತಜ್ಜಿ?" ಅಂದಳು.

ಆವತ್ತಿನಿಂದ ಅವಳ ಲಂಗದ ತುದಿಯನ್ನು ನನ್ನ ಸೆರಗಿಗೆ ಗಂಟು ಹಾಕಿಕೊಂಡು ಮಲಗುತ್ತಿದ್ದೇನೆ. ಸ್ಕೂಲಿಗೆ ನಾನೇ ಬಿಡುತ್ತೇನೆ, ನಾನೇ ಕರೆತರುತ್ತೇನೆ. ಕಾಡಿನ ದಾರಿಯ ಕಡೆಯ ಬಾಗಿಲಿಗೆ ಅಗಳಿ ಹಾಕಿಸಿದೆ.

ಇಂತಿ,
ಕೆಂಪಾಜಮ್ಮ


ಕೊಳ್ಳೇಗಾಲ
೧೧-೧೧-೧೯೬೮

ಅತ್ತೆಯವರಿಗೆ ನಮಸ್ಕಾರ. ಕಾರ್ಡಿನಲ್ಲಿ ಜಾಗವಿಲ್ಲ. ಹಗೇವಿನ ಬಾಯಿಗೆ ಕಲ್ಲು ಮುಚ್ಚಿಸಿದಿರೋ ಇಲ್ಲವೋ, ಅದೊಂದನ್ನು ಕೂಡಲೇ ಬರೆಯಿರಿ. ಕಾಡಿನ ಕಡೆಯ ಬಾಗಿಲು ಆಮೇಲೆ.

ಚೆಲುವಮ್ಮ


ಲೊಕ್ಕನಹಳ್ಳಿ
೧೬-೧೧-೧೯೬೮

ಚೆಲುವಮ್ಮನಿಗೆ ಆಶೀರ್ವಾದ.

ಮಗು ಚೆನ್ನಾಗಿದೆ. ಮೊದಲು ಅದನ್ನು ಓದಿಕೋ. ಚೆನ್ನಾಗಿದೆ, ನನ್ನ ಪಕ್ಕದಲ್ಲೇ ಕೂತು ಹುರುಳಿ ಮೆಲ್ಲುತ್ತಿದೆ.

ನಿನ್ನ ಕಾರ್ಡು ಗುರುವಾರ ಮಧ್ಯಾಹ್ನ ಬಂತು. ಅದೇ ದಿನ ಬೆಳಗ್ಗೆ ನಡೆದದ್ದು ಇದು. ಸ್ಕೂಲಿಗೆ ರಜೆ ಇತ್ತು. ನಾನು ರಾಗಿ ಬೀಸುತ್ತಿದ್ದೆ, ಮಾದಣ್ಣ ಹೊಲದಲ್ಲಿ. ಮಹಾದೇವಮ್ಮ ನಮ್ಮ ಹಿತ್ತಾಳೆ ಚೊಂಬು ಹಿಡಿದುಕೊಂಡು ಬಂದು ನಿಂತಳು.

"ಕೆಂಪಾಜಿ, ನಿಮ್ಮನೆ ಬಾವಿಗೆ ಬಿಂದ್ಗೆ ಬಿತ್ತಾ?"

"ಇಲ್ವಲ್ಲ, ಯಾಕೆ?"

"ನಿನ್ನ ಮೊಮ್ಮಗ್ಳು ಬಂದು ಪಾತಾಳಗರಡಿ ತಕಂಡೋದ್ಲು ಕಣವ್ವ. ಏನಾರ ಅಡ ಮಡುಗಮ್ಮಿ ಅಂದ್ರೆ ಓಡೋಗಿ ಈ ಚೊಂಬು ತಂದ್ಕೊಟ್ಲು. ನಿನ್ನ ಗಂಡನ ಕಾಲದ ಚೊಂಬು, ಇದ್ಯಾಕೆ ನಂಗೆ ಅಂತ ವಾಪಸ್ ತಂದೆ."

ಬಾವಿಗೆ ಬಿದ್ದ ಬಿಂದಿಗೆ ಎತ್ತುವ ಆ ಕೊಕ್ಕೆಗೊಂಚಲನ್ನು ಪಾತ್ರೆ ಅಡವಿಲ್ಲದೆ ಯಾರೂ ಕೊಡುವುದಿಲ್ಲ. ಅದು ಕೂಡ ಗೊತ್ತು ಅವಳಿಗೆ. ನಾನು ತಿರುಗಿ ನೋಡಿದೆ. ನಮ್ಮ ಬಿಂದಿಗೆ ಮೂರೂ ಜಗಲಿಯ ಮೇಲಿದ್ದವು. ಬೀಸುವ ಕಲ್ಲಿನ ಗೂಟ ಕೈಯಲ್ಲೇ ಇತ್ತು, ಅದನ್ನು ಹಿಡಿದುಕೊಂಡೇ ಓಡಿದೆನಂತೆ.

ಮಂಕರಿ ಪಕ್ಕಕ್ಕೆ ಬಿದ್ದಿತ್ತು. ಮಗು ಚಪ್ಪಡಿಯ ಮೇಲೆ ಬೋರಲು ಮಲಗಿ, ತಲೆಯನ್ನು ಸಂದಿಗೆ ಬಿಟ್ಟು, ಎರಡು ಕೈಯನ್ನೂ ಹಗೇವಿನೊಳಗೆ ಇಳಿಬಿಟ್ಟಿತ್ತು. ಕೂಗಿದರೆ ಬೆಚ್ಚಿ ಒಳಗೆ ಬೀಳುತ್ತಾಳೆ. ನನ್ನ ಜನ್ಮದಲ್ಲಿ ಬಾಯಿ ಮುಚ್ಚಿಕೊಂಡು ಹತ್ತು ಹೆಜ್ಜೆ ನಡೆದದ್ದು ಅದೇ ಮೊದಲು. ಹಿಂದಿನಿಂದ ಹೋಗಿ ಎರಡು ಕಾಲನ್ನೂ ಬಿಗಿಯಾಗಿ ಹಿಡಿದೆ.

ಅವಳು ಒಳಗಿನಿಂದಲೇ, "ಬುಡಜ್ಜಿ, ಸಿಕ್ಕಂಡದ! ದಾರ ಸಿಕ್ಕಂಡದ!" ಅಂದಳು.

ಎಳೆದುಕೊಂಡೆ. ಮಗುವಿನ ಹಿಂದೆ ಹಗ್ಗ, ಹಗ್ಗದ ಹಿಂದೆ ಕೊಕ್ಕೆ, ಕೊಕ್ಕೆಯಲ್ಲಿ ಅದರ ದಾರ, ದಾರದ ತುದಿಗೆ ಅದು. ಎಲ್ಲ ಒಟ್ಟಿಗೆ ಮೇಲೆ ಬಂತು. ಪಕ್ಕದಲ್ಲಿ ಚಿಮಣಿ ಬುಡ್ಡಿ ಬಿದ್ದಿತ್ತು, ಅದಕ್ಕೂ ಒಂದು ಹುರಿ ಕಟ್ಟಿತ್ತು.

"ಇಳಿಯಕ್ಕೋಗಿದ್ದೇನಮ್ಮಿ?" ಎಂದೆ.

"ಇಲ್ಲ ಕಣಜ್ಜಿ. ಮಂಕ್ರಿ ಎತ್ತುದ್ರೆ ಒಳ್ಗೆ ದಾರ ಕಾಣ್ತು. ದೀಪ ಬುಟ್ಟೆ, ಕೆಟ್ಟೋಯ್ತು. ದೊಡ್ಡಪ್ಪ ದೀಪ ಕೆಟ್ರೆ ಇಳಿಯದಿಲ್ವಲ್ಲ, ಅದ್ಕೆ ಗರಡಿ ತಂದೆ."

ಹೊಡೆದೆ. ಎರಡು ಏಟು ಹೊಡೆದೆ, ಆಮೇಲೆ ಅಲ್ಲೇ ಕೂತು ಅವಳಿಗಿಂತ ಜೋರಾಗಿ ಅತ್ತೆ. ಮಹಾದೇವಮ್ಮ ನೀರು ತಂದು ಕೊಟ್ಟಳು.

"ಪ್ರಾಣ ಕೊಡುವಷ್ಟು ಇಷ್ಟವಾ ಅದು ನಿಂಗೆ?" ಎಂದು ಕೇಳಿದೆ. ಮಗು ಮೂಗು ಒರೆಸಿಕೊಂಡು ಅದನ್ನು ಕವುಚಿ ಹಾಕಿತು. ಹೊಟ್ಟೆಯ ಅಡಿ ತೋರಿಸಿತು. "ಇದು ಇಷ್ಟ. ನೋಡು, ಮುಂದ್ಗಡೆ ಅಚ್ಚು ನಡುಮಧ್ಯ ಡೊಂಕದ. ಡೊಂಕು ಮ್ಯಾಕ್ ಬಂದಾಗ ಈ ತಂತಿ ನೂಕ್ತದ, ಸೊಂಡ್ಲು ಏಳ್ತದ. ಕೆಳಕ್ಕೋದ್ರೆ ಬೀಳ್ತದ. ಗಾಡಿಗಳ್ದೂ ನೋಡ್ದೆ ಅಜ್ಜಿ, ಬಿದ್ರು ಏರ್ಕಂಡು ಕಾಡಿಂದ ಬತ್ತವಲ್ಲ. ಒಂದ್ರದ್ದೂ ಡೊಂಕಿಲ್ಲ."

ಹಾಗಾದರೆ ಬದುವಿನ ಮೇಲೆ ಕೂತು ಅವಳು ನೋಡುತ್ತಿದ್ದದ್ದು ಬಿದಿರಿನ ಗಾಡಿಗಳ ಅಚ್ಚು. ಎಣ್ಣೆ ಹಚ್ಚಿದ್ದೂ ಅಚ್ಚಿಗೆ. ನಾನು ಎರಡು ತಿಂಗಳು ಕಾಡಿನ ಕಡೆ ಮುಖ ಮಾಡಿ ಕಾವಲು ಕೂತೆ, ನನ್ನ ಹಿತ್ತಿಲಿನ ಗುಂಡಿಯ ಬಾಯನ್ನು ನಾನೇ ತೆರೆದಿಟ್ಟು.

ಮಾದಣ್ಣ ಚಪ್ಪಡಿ ಮುಚ್ಚಿ ಮಣ್ಣು ಮೆತ್ತಿದ್ದಾನೆ. ಆದರೂ ಒಂದು ಹೆದರಿಕೆ ಹೋಗಿಲ್ಲ. ಅಚ್ಚು ಇಷ್ಟ ಅನ್ನುತ್ತಾಳೆ, ಸರಿ. ಅಚ್ಚಿನ ಮೇಲೆ ಕೂತಿರುವುದೂ ನಾಳೆ ಇಷ್ಟವಾಗಿಬಿಟ್ಟರೆ?

ಇಂತಿ,
ಕೆಂಪಾಜಮ್ಮ


ಲೊಕ್ಕನಹಳ್ಳಿ
೧೨-೧೨-೧೯೬೮

ಚೆಲುವಮ್ಮನಿಗೆ,

ಸೋಮವಾರ ದೀಪ ಹಚ್ಚುವ ಹೊತ್ತಿಗೆ ಅವು ಬಂದವು. ಮೂರು. ಮೆದೆ ಹಾಕಿದ್ದ ರಾಗಿಗೆ ಬಂದು, ಹುಣಸೆಮರದ ಹತ್ತಿರ ನಿಂತಿದ್ದವು. ನಮ್ಮ ಜಗಲಿಗೆ ಕಾಣುವಷ್ಟು ಹತ್ತಿರ. ಗಂಡಸರು ತಮಟೆ, ಡಬ್ಬ ಬಡಿಯುತ್ತಾ ಓಡಿದರು. ನಾನು ಮಗುವನ್ನು ನೋಡಿದೆ. ಗೊಂಬೆ ಅವಳ ಕೈಯಲ್ಲಿತ್ತು. ಈಗ ಗೊತ್ತಾಗುತ್ತದೆ ಅಂದುಕೊಂಡು, ಅವಳ ಜಡೆಗೆ ಕೈ ಹಾಕಿ ನಿಂತೆ.

ಒಂದು ಘೀಳಿಟ್ಟಿತು.

ಮಗು ನನ್ನ ಹೊಟ್ಟೆಯೊಳಗೇ ಹೋಗುವ ಹಾಗೆ ಬಂದು ಅಪ್ಪಿಕೊಂಡಿತು. ಉಚ್ಚೆ ಹೊಯ್ದುಕೊಂಡಿತು. "ಬಾಗ್ಲಾಕಜ್ಜಿ, ಬಾಗ್ಲಾಕು" ಅಂದಳು. ಬಾಗಿಲು ಹಾಕಿ ಒಲೆಯ ಮುಂದೆ ಕೂರಿಸಿಕೊಂಡೆ. ಆಗಲೂ ಗೊಂಬೆಯನ್ನು ಬಿಟ್ಟಿರಲಿಲ್ಲ. ಅದನ್ನು ತಂದು ನನ್ನ ಸೆರಗಿನೊಳಗೆ ಮುಚ್ಚಿಟ್ಟಳು. ಅದಕ್ಕೂ ಹೆದರಿಕೆಯಾಗುತ್ತದಂತೆ. ನನ್ನ ಮಡಿಲಲ್ಲಿ ಮಗು, ಮಗುವಿನ ಕೈಯಲ್ಲಿ ಅದು, ಹೊರಗೆ ಅವು. ಮಗುವಿಗೆ ಎರಡೂ ಬೇರೆ ಬೇರೆ ಅಂತ ಗೊತ್ತು. ಕಲಸಿಕೊಂಡದ್ದು ನಾನು.

ಡಬ್ಬದ ಸದ್ದು ದೂರ ಹೋದ ಮೇಲೆ ಕೇಳಿದಳು, "ಅಪ್ಪನ್ನ ಅವ್ವನೇ ಕಳ್ಸಿದ್ದಂತೆ, ಅವ್ದಾ? ಸ್ಕೂಲಲ್ಲಿ ಅಂತಾರೆ."

"ಇಲ್ಲ, ನಾನು" ಅಂದೆ.

ಮಗುವಿಗೆ ಹೇಳಿದ ಮೇಲೆ ನಿನಗೆ ಬರೆಯದೆ ಇರುವುದಕ್ಕಾಗುವುದಿಲ್ಲ. ಆವತ್ತು ಕಾವಲಿನ ಸರದಿ ಮಾದಣ್ಣನದು, ಅವನು ರಾಮಾಪುರದಲ್ಲಿ ಬಸ್ಸು ತಪ್ಪಿಸಿಕೊಂಡಿದ್ದ. ನನ್ನ ಮಗ ಚಿನ್ನಸ್ವಾಮಿ ಜ್ವರದಲ್ಲಿ ಕಂಬಳಿ ಹೊದ್ದು ಮಲಗಿದ್ದ. ನೀನು, "ತಿಂದ್ಕಂಡೋಗ್ಲಿ ಬುಡಿ ಅತ್ತೆಮ್ಮ, ಮುಂದಿನೊರ್ಸ ಬೆಳ್ಕಂಡ್ರಾಯ್ತು" ಅಂದೆ. ನಾನು, "ಗಂಡ್ಸಾಗಿ ಉಟ್ಟು ಕಂಬ್ಳಿ ವದ್ಕಂಡು ಬಿದ್ದಿದ್ದೀಯಲ್ಲ" ಅಂದೆ. ಅವನು ಎದ್ದು ನನ್ನ ಮುಖ ನೋಡದೆ ಹೊರಟ. ಇಷ್ಟೇ ನಡೆದದ್ದು. ಊರವರು ನಿನ್ನನ್ನು ಅಂದಾಗ ಗೋಡೆ ನೋಡಿಕೊಂಡು ಕೂತೆ. ಆ ಗೋಡೆಯಲ್ಲಿ ಎಷ್ಟು ಬಿರುಕಿದೆ ಅಂತ ಈಗಲೂ ಹೇಳಬಲ್ಲೆ. ಆನೆಯ ಹೆಸರು ಎತ್ತಬೇಡಿ ಅಂತ ಮನೆಯಲ್ಲಿ ಕಟ್ಟು ಮಾಡಿದವಳೂ ನಾನೇ. ಅದರ ಹೆಸರು ಬಂದರೆ ಅದರ ಹಿಂದೆಯೇ ನನ್ನ ಹೆಸರು ಬರುತ್ತದೆ ಎಂದು.

ಮಾರನೆಯ ದಿನ ಇದನ್ನು ಮಹಾದೇವಮ್ಮನಿಗೂ ಹೇಳಿದ್ದೇನೆ. ಊರಿನ ಮಿಕ್ಕ ಮನೆಗಳಿಗೆ ನಾನು ಹೋಗಬೇಕಾಗಿಲ್ಲ.

ನೀನು ಏನೂ ಬರೆಯದಿದ್ದರೂ ಸರಿ. ಪರೀಕ್ಷೆ ಮುಗಿದ ಮೇಲೆ ಬಂದು ಮಗುವನ್ನು ಕರೆದುಕೊಂಡು ಹೋಗು. ರಾಟೆ ತೋರಿಸು.

ಕೆಂಪಾಜಮ್ಮ


ಲೊಕ್ಕನಹಳ್ಳಿ
೨೨-೬-೧೯೬೯

ಚೆಲುವಮ್ಮನಿಗೂ ಪುಟ್ಟಗೌರಿಗೂ ಅಜ್ಜಿಯ ಆಶೀರ್ವಾದ.

ನೀನು ಬಂದು ಹತ್ತು ದಿನ ಇದ್ದೆ. ಆ ಕಾಗದದ ಮಾತು ನೀನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಹೊರಡುವ ದಿನ ನನ್ನ ತಲೆಗೆ ಎಣ್ಣೆ ಹಚ್ಚಿ ಬಾಚಿದೆಯಲ್ಲ, ಬೈತಲೆ ಸೊಟ್ಟಗಿತ್ತು. ಹಾಗೇ ಬಿಟ್ಟುಕೊಂಡು ಎರಡು ದಿನ ಇದ್ದೆ.

ಮಗು ಜೋಳದ ದಂಟಿನಲ್ಲಿ, ಮುರಿದ ಕೊಡೆಯ ಕಡ್ಡಿಯನ್ನು ಡೊಂಕು ಅಚ್ಚಾಗಿ ಬಗ್ಗಿಸಿ, ಚಕ್ರ ಹಾಕಿ, ಒಂದು ಬೊಂಬೆ ಮಾಡಿದ್ದನ್ನು ನೀನು ನೋಡಿದ್ದೀಯೆ. ನನ್ನ ಹಳೇ ಸೀರೆಯ ಚೂರು ಉಡಿಸಿದ್ದಳು. ಎಳೆದರೆ ಬೊಂಬೆ ಬಲಗೈ ಎತ್ತಿ ಎತ್ತಿ ಗದರಿಸುತ್ತದೆ. ಬೀದಿಯ ಮಕ್ಕಳೆಲ್ಲ, "ಕೆಂಪಾಜಜ್ಜಿ ಬತ್ತು, ಕೆಂಪಾಜಜ್ಜಿ ಬತ್ತು" ಅಂತ ಅದರ ಹಿಂದೆ ಓಡಿದರು. ಮಹಾದೇವಮ್ಮ ನಕ್ಕು ನಕ್ಕು ಕೆಮ್ಮಿದಳು. ನಾನು ಮಗುವನ್ನು ಹಿಡಿದು, "ನಾನಿಷ್ಟವೋ ನಿಂಗೆ, ಈ ಬೊಂಬೆ ಇಷ್ಟವೋ?" ಅಂತ ಕೇಳಿದೆ. ಅವಳು ಬೊಂಬೆಯ ಸೀರೆ ಸರಿಮಾಡುತ್ತಾ, "ಬೊಂಬೆ ಬೈಯದಿಲ್ಲ" ಅಂದಳು. ಅದು ಯಾವ ಕಡೆಯ ಉತ್ತರವೋ ನನಗೆ ಈಗಲೂ ತಿಳಿಯಲಿಲ್ಲ.

ಬಸ್ಸು ಬಂದಾಗ ಆನೆಯನ್ನು ನನ್ನ ಕೈಗೆ ಕೊಟ್ಟಳು. "ಇದ್ನ ನೀನ್ ಮಡೀಕ ಅಜ್ಜಿ. ನಂಗೆ ಮಾಡಕ್ ಬತ್ತದ." ಬೊಂಬೆಯಜ್ಜಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಹತ್ತಿದಳು. ಕಿಟಕಿಯಲ್ಲಿ ನನಗೆ ಕಂಡದ್ದು ಅದರ ತಲೆ, ಅವಳದಲ್ಲ.

ಆನೆಯನ್ನು ಒಂದು ತಿಂಗಳು ಗೂಡಿನಲ್ಲಿ ಗೋಡೆಯ ಕಡೆ ಮುಖ ಮಾಡಿ ಇಟ್ಟಿದ್ದೆ. ಮೊನ್ನೆ ಮಾದಣ್ಣನ ಮನೆಯವಳು ನೀರಿಗೆ ಹೋಗಿದ್ದಾಗ ಇಳಿಸಿದೆ. ಅಚ್ಚಿಗೆ ಎಣ್ಣೆ ಹಚ್ಚಿದೆ. ಜಗಲಿಯ ಈ ಕೊನೆಯಿಂದ ಆ ಕೊನೆಗೆ ಎಳೆದೆ. ಸೊಂಡಿಲು ಎದ್ದಿತು, ಇಳಿಯಿತು. ಬಡಗಿ ಮಾರಯ್ಯನ ಕೈ ಒಳ್ಳೆಯದು, ಹೇಳು ಅವನಿಗೆ. ಅದರ ಕಣ್ಣನ್ನು ನೋಡಲಿಲ್ಲ. ಅಷ್ಟು ಧೈರ್ಯ ಇನ್ನೂ ಬಂದಿಲ್ಲ.

ಒಂದು ಮಾತು ತಿಳಿಸು. ಅಲ್ಲಿ ನೆಲ ಸಿಮೆಂಟಂತೆ, ದಂಟಿನ ಚಕ್ರ ಬೇಗ ಸವೆಯುತ್ತದೆ. ಆ ಬೊಂಬೆಯ ಕೈ ಈಗಲೂ ಏಳುತ್ತದೆಯೇ? ನಿಂತಿದ್ದರೆ ಹರಳೆಣ್ಣೆ ಹಚ್ಚಲು ಹೇಳು, ಎಷ್ಟು ತೊಟ್ಟು ಅಂತ ಅವಳಿಗೆ ಗೊತ್ತು. ಎಸೆದಿದ್ದರೆ, ಅದನ್ನು ಮಾತ್ರ ನನಗೆ ಬರೆಯಬೇಡ.

ಉತ್ತರಕ್ಕೆ ಬಾಗಿಲು ನೋಡುವ,
ಕೆಂಪಾಜಮ್ಮ